ಮನೆಯ ಬಂದೂಕು ಮನೆಯಿಂದ ಹೊರಗೆ ಹೋದದ್ದು ಹೇಗೆ: ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಸತ್ತಿಲ್ಲ. ಯಾರಿಗೂ ಗುಂಡು ತಗುಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ ಸತ್ತ ಮೇಲೆ ಏನು ಮಾಡಬೇಕು ಅನ್ನೋದು ನಮ್ಮ ಕಾನೂನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಮೊದಲೇ, ಲೈಸೆನ್ಸ್ ಇರುವ ಬಂದೂಕೊಂದನ್ನು ತನ್ನ ಮನೆಯಿಂದ ಹೊರಗೆ ಕಳಿಸಲು ಒಬ್ಬ ಹೆಣ್ಣುಮಗಳು ಎಷ್ಟು ಬಾಗಿಲು ತಟ್ಟಬೇಕಾಯಿತು ಅನ್ನೋದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಉಚಿತ ಕಾನೂನು ನೆರವಿನ ಪ್ಯಾನಲ್‌ನಲ್ಲಿರುವ ವಕೀಲೆ. ಪ್ರಕರಣ ಕೊಪ್ಪಳ ಜಿಲ್ಲೆಯದು. ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಊರು, ತಾಲ್ಲೂಕು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಆಕೆಯನ್ನು ಅಕ್ಕ ಅಂತಲೇ ಕರೆಯುತ್ತೇನೆ.

ಬಂದೂಕು ಬಂದ ದಾರಿ

ಊರು ಗುಡ್ಡದ ಬುಡದಲ್ಲಿದೆ. ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇರುವುದು ಗೊತ್ತಿರುವ ವಿಷಯ. ದರೋಜಿಯಲ್ಲಿ ಕರಡಿಗಳಿಗೆಂದೇ ಒಂದು ಧಾಮ ಇದೆ. ಆದರೆ ರೈತರಿಗೆ ದಿನನಿತ್ಯದ ಕಾಟ ಕಾಡುಹಂದಿಯದು. ಶೇಂಗಾ ಕಾಯಿ ಕಟ್ಟುವಾಗ, ಮೆಕ್ಕೆಜೋಳ ಹಾಲುಗಾಳಾಗುವಾಗ ಹಿಂಡು ಇಳಿದರೆ ಒಂದೇ ರಾತ್ರಿಗೆ ಅರ್ಧ ಹೊಲ ಹೋಯಿತು ಅಂತಲೇ ಲೆಕ್ಕ.

ಅಕ್ಕನ ಮಾವ ಬೆಳೆ ಕಾಯಲು ಲೈಸೆನ್ಸ್ ತೆಗೆಸಿದ್ದರು. ಸಿಂಗಲ್ ಬ್ಯಾರಲ್, 12 ಬೋರ್. ಹಿಡಿಕೆಯ ಮರ ಸೀಳಿದ್ದ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದ್ದರು. ಪಡಸಾಲೆಯ ಗೋಡೆಗೆ ಎರಡು ಮೊಳೆ, ಅವುಗಳ ಮೇಲೆ ಬಂದೂಕು, ಅದರ ಕೆಳಗೆ ಕ್ಯಾಲೆಂಡರ್. ಲೈಸೆನ್ಸ್ ಪುಸ್ತಕ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ. ತೋಟಾಗಳು ಮಾತ್ರ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಮಾವನ ಉಡದಾರದಲ್ಲಿ. ಮಾವ ಇದ್ದಷ್ಟು ದಿನ ಆ ಮನೆಯಲ್ಲಿ ಬಂದೂಕಿಗೆ ಯಾರೂ ಹೆದರಿದ್ದಿಲ್ಲ.

ಮಾವ ತೀರಿಕೊಂಡ ಮೇಲೆ ವಾರಸುದಾರ ಅಂತ ಮಗನ ಹೆಸರಿಗೆ ಲೈಸೆನ್ಸ್ ಆಯಿತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ಅವಕಾಶ ಇದೆ. ಠಾಣೆಯಿಂದ ವರದಿ ಹೋಯಿತು: ಕೇಸಿಲ್ಲ, ನಡತೆ ಸರಿ ಇದೆ. ಆಗ ಅದು ನಿಜವೂ ಆಗಿತ್ತು. ಮನೆಯ ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಬೋರ್‌ವೆಲ್ ಬತ್ತಿತು. ಇನ್ನೊಂದು ಕೊರೆಸಿದರು, ಅದರಲ್ಲೂ ನೀರಿಲ್ಲ. ಕೈಗಡ, ಫೈನಾನ್ಸ್ ಸಾಲ, ಮನೆ ಬಾಗಿಲಿಗೆ ಬಂದು ಕೂರುವ ವಸೂಲಿಯವರು. ಗಂಡ ಕುಡಿಯಲು ಶುರು ಮಾಡಿದ. ಬೀಗದ ಪೆಟ್ಟಿಗೆ ಹೋಗಿ ತೋಟಾಗಳು ಅಂಗಿಯ ಜೇಬಿಗೆ ಬಂದವು.

ಲೈಸೆನ್ಸ್ ಕೊಟ್ಟಾಗಿನ ಮನುಷ್ಯ ಈಗ ಅವನಾಗಿ ಉಳಿದಿರಲಿಲ್ಲ. ಇದನ್ನು ನೋಡುವ ಕೆಲಸ ಯಾರದು? ಮೊದಲು ಲೈಸೆನ್ಸನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2019ರ ತಿದ್ದುಪಡಿ ಅದನ್ನು 5 ವರ್ಷ ಮಾಡಿತು. ಅದೇ ತಿದ್ದುಪಡಿಯಲ್ಲಿ ಒಳ್ಳೆಯದೂ ಇದೆ. ಒಬ್ಬರ ಹತ್ತಿರ 3 ಬಂದೂಕು ಇರಬಹುದಿತ್ತು, ಅದನ್ನು 2ಕ್ಕೆ ಇಳಿಸಿದರು. ಆದರೆ 5 ವರ್ಷದಲ್ಲಿ ಒಂದು ಮನೆ ಏನೇನು ಆಗಿಬಿಡಬಹುದು ಅನ್ನೋದನ್ನು ಯೋಚಿಸಿ ಆ ಅಂಕಿ ಬರೆದಂತೆ ನನಗೆ ಕಾಣುವುದಿಲ್ಲ.

ಯಾರೂ ದೂರು ಕೊಡದ ಮದುವೆ

ಮೊದಲ ಸೂಚನೆ ಸಂಬಂಧಿಕರ ಮದುವೆಯಲ್ಲೇ ಸಿಕ್ಕಿತ್ತು. ಮೆರವಣಿಗೆ ಹೊತ್ತಿನಲ್ಲಿ ಆತ ಕುಡಿದು ಬಂದು ಆಕಾಶಕ್ಕೆ ಗುಂಡು ಹಾರಿಸಿದ. ಚರೆ ಪಕ್ಕದ ಮನೆಯ ತಗಡಿನ ಮೇಲೆ ಬಿದ್ದು ಸದ್ದಾಯಿತು. ಹುಡುಗರು ಖಾಲಿ ತೋಟಾ ಆರಿಸಲು ಓಡಿದರು. ಹಿರಿಯರು ನಕ್ಕರು. ಯಾರೋ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿಕೊಂಡರು.

ಇದು ಅಪರಾಧ. 2019ರ ಡಿಸೆಂಬರ್‌ನಿಂದ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂನಲ್ಲಿ ಇದಕ್ಕೆಂದೇ ಒಂದು ಉಪಕಲಂ ಇದೆ. ಮದುವೆ, ಜಾತ್ರೆ, ಸಭೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಉತ್ತರಾಖಂಡದಲ್ಲಿ ಮಗನ ಮದುವೆಯಲ್ಲೇ ಗುಂಡು ಹಾರಿಸಿ ಅತಿಥಿಗಳ ಸಾವಿಗೆ ಕಾರಣನಾದ ಒಬ್ಬ ತಂದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಈ ಚಾಳಿಯನ್ನು ಕಟುವಾಗಿ ಟೀಕಿಸಿದೆ. ಕಾನೂನು ಇದೆ, ತೀರ್ಪೂ ಇದೆ. ಆದರೆ ಬೀಗರ ಮೇಲೆ ಯಾರು ದೂರು ಕೊಡ್ತಾರೆ? ಆ ದಿನ ಒಂದು ದೂರು ದಾಖಲಾಗಿದ್ದರೆ ಮುಂದಿನ ಕಥೆ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. ಬೆಳೆ ಕಾಯಲು ಕೊಟ್ಟ ಬಂದೂಕು ಮದುವೆ ಮನೆಗೆ ಬಂದದ್ದೇ ಲೈಸೆನ್ಸ್ ವಾಪಸ್ ಪಡೆಯಲು ಸಾಕಾದ ಕಾರಣ.

ಮಂಚದ ಮೇಲಿನ ಬಂದೂಕು

ಮನೆಯಲ್ಲಿ ಆಗುತ್ತಿದ್ದದ್ದು ಬೇರೆ. ಆತ ಅಕ್ಕನ ಕಡೆ ಬಂದೂಕು ಗುರಿ ಇಟ್ಟದ್ದು ಒಮ್ಮೆಯೂ ಇಲ್ಲ. ಜಗಳ ಶುರುವಾದರೆ ಗೋಡೆಯಿಂದ ಇಳಿಸುತ್ತಿದ್ದ. ಮಂಚದ ಮೇಲೆ ಕೂತು ಬ್ಯಾರಲ್ ಮಡಚಿ ಬಲ್ಬಿನ ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದ. ಬಟ್ಟೆಯಿಂದ ಒರೆಸಿ ಟಕ್ ಅಂತ ಮುಚ್ಚುತ್ತಿದ್ದ. ಪಕ್ಕದಲ್ಲಿಟ್ಟುಕೊಂಡು "ಈಗ ಮಾತಾಡು" ಅನ್ನುತ್ತಿದ್ದ. ಅಷ್ಟೇ.

ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಆ ಟಕ್ ಸದ್ದು ಕೇಳಿದರೆ ಪುಸ್ತಕ ಮುಚ್ಚಿ ಅಜ್ಜಿಯ ಹಿಂದೆ ಹೋಗಿ ಕೂರುತ್ತಿದ್ದಳು. ಎಷ್ಟೋ ರಾತ್ರಿ ತಾಯಿ, ಮಗಳು ಪಕ್ಕದ ಮನೆಯಲ್ಲಿ ಮಲಗಿದರು. ಅಕ್ಕ ನನಗೆ ಹೇಳಿದ ಮಾತು ಹಾಗೇ ನೆನಪಿದೆ: "ಆತ ಗುಂಡು ಹೊಡದಿಲ್ರೀ ಮೇಡಂ. ಆದ್ರ ನಾವು ಮನ್ಯಾಗ ಮಾತಾಡೋದ ಬಿಟ್ಟೀವಿ."

ಇನ್ನೊಂದು ಭಯವೂ ಇತ್ತು. ಅದನ್ನು ಆಕೆ ಮೊದಲ ಭೇಟಿಯಲ್ಲಿ ಹೇಳಲಿಲ್ಲ. ಸಾಲದವರು ಬಂದು ಬೈದುಹೋದ ಒಂದು ದಿನ ಆತ ಬಂದೂಕು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದವನು ಬೆಳಗಾದರೂ ಬರಲಿಲ್ಲ. ಆಗ ಹೊಲದಲ್ಲಿ ಕಾಯುವಂಥ ಬೆಳೆಯೂ ಇರಲಿಲ್ಲ. ಅಕ್ಕ ಇಡೀ ರಾತ್ರಿ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಬೆಳಿಗ್ಗೆ ಆತ ಬಂದು ಏನೂ ಹೇಳದೆ ಮಲಗಿದ. ಬಂದೂಕು ಮನೆಯಲ್ಲಿದ್ದರೆ ಅಪಾಯ ಹೆಂಡತಿಗೆ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಹಿಡಿದವನಿಗೂ ಅಷ್ಟೇ ಅಪಾಯ ಇದೆ. ಬಂದೂಕುಗಳು ರಾಶಿ ಬಿದ್ದಿರುವ ಅಮೆರಿಕದಲ್ಲೂ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೇ ಹೊಡೆದುಕೊಂಡವರು.

ಮೊದಲು ಮಾಡಿದ ಪ್ರಯತ್ನಗಳು

ಅಕ್ಕ ಮೊದಲು ಹೋದದ್ದು ಊರ ಹಿರಿಯರ ಹತ್ತಿರ. ಅವರು ಆತನನ್ನು ಗುಡಿ ಕಟ್ಟೆಗೆ ಕರೆಸಿ ಬುದ್ಧಿ ಹೇಳಿದರು. ಬಂದೂಕನ್ನು ಹಿರಿಯರೊಬ್ಬರ ಮನೆಯಲ್ಲಿ ಇಡುವುದು ಅಂತ ತೀರ್ಮಾನವಾಯಿತು. ಆತನೂ ಒಪ್ಪಿ ತಂದುಕೊಟ್ಟ. ನೋಡಿ, ಊರು ಎಷ್ಟು ಸರಿಯಾದ ದಾರಿ ಹಿಡಿದಿತ್ತು! ಕೆಲವು ದಿನ ಎಲ್ಲ ಸುಮ್ಮನಿತ್ತು. ಆಮೇಲೆ ಯಾರೋ ಆ ಹಿರಿಯರಿಗೆ ಹೇಳಿದರು: ನಿಮ್ಮ ಹೆಸರಲ್ಲಿ ಲೈಸೆನ್ಸ್ ಇಲ್ಲ, ಬಂದೂಕು ನಿಮ್ಮ ಮನೆಯಲ್ಲಿ ಸಿಕ್ಕರೆ ನೀವೇ ಒಳಗೆ ಹೋಗ್ತೀರಿ. ಅದು ಸುಳ್ಳಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಆ ಹಿರಿಯರು ಹೆದರಿ ಅದೇ ರಾತ್ರಿ ಬಂದೂಕು ವಾಪಸ್ ಕೊಟ್ಟುಬಿಟ್ಟರು.

ಹಾಗಾದರೆ ಅಕ್ಕನೇ ಎತ್ತಿಕೊಂಡು ಹೋಗಿ ಠಾಣೆಗೆ ಕೊಟ್ಟು ಬರಬಹುದಿತ್ತಲ್ವಾ? ಅಲ್ಲೂ ಅದೇ ತೊಡಕು. ಲೈಸೆನ್ಸ್ ಇದ್ದವನು ತಾನಾಗಿ ಠಾಣೆಯಲ್ಲೋ, ಬಂದೂಕು ವ್ಯಾಪಾರಿಯ ಹತ್ತಿರವೋ ಇಡಬಹುದು. ಹೆಂಡತಿ ಅದನ್ನು ಹೊತ್ತು ರಸ್ತೆಗಿಳಿದರೆ ಕಾನೂನಿನ ಲೆಕ್ಕದಲ್ಲಿ ಆಕೆಯೇ ಲೈಸೆನ್ಸ್ ಇಲ್ಲದೆ ಬಂದೂಕು ಹಿಡಿದವಳು. ತನ್ನ ಜೀವ ಉಳಿಸಿಕೊಳ್ಳಲು ಮಾಡಬಹುದಾದ ಅತಿ ಸರಳ ಕೆಲಸವೇ ಆಕೆಗೆ ನಿಷಿದ್ಧ.

ಆಮೇಲೆ ಠಾಣೆ. ಅಲ್ಲಿ ಅರ್ಜಿ ತೆಗೆದುಕೊಂಡು ಗಂಡನನ್ನೂ ಕರೆಸಿದರು. ಕೇಳಿದ ಪ್ರಶ್ನೆ ಎರಡು: "ಹೊಡದಾನೇನು? ಗುರಿ ಇಟ್ಟಾನೇನು?" ಎರಡಕ್ಕೂ ಇಲ್ಲ ಅಂತಲೇ ಉತ್ತರ. "ಲೈಸೆನ್ಸ್ ಐತಿ, ಮನ್ಯಾಗ ಇಟ್ಕೊಂಡಾನ, ನಾವೇನ್ ಮಾಡಾಕ ಬರ್ತೈತಿ?" ಬೇಕಿದ್ದರೆ ಹಿಂಸೆ, ಬೆದರಿಕೆ ಅಂತ ಕೇಸ್ ಹಾಕೋಣ ಅಂದರು. ಆಗಿನ ಐಪಿಸಿಯಲ್ಲಿ ಅದಕ್ಕೆ 498ಎ, 506 ಕಲಂಗಳಿದ್ದವು. ಅಕ್ಕ ಬೇಡ ಅಂದಳು. "ಆತನ್ನ ಒಯ್ಯಬ್ಯಾಡ್ರಿ, ಬಂದೂಕು ಒಯ್ರಿ."

ಈ ಪ್ರಕರಣದ ನಡುಮಧ್ಯದ ಮಾತು ಇದೇ ಅನ್ನಿಸುತ್ತದೆ. ಹೆಂಗಸರು ಕೇಸ್ ಬೇಡ ಅಂದಾಗ ನಾವು ವಕೀಲರೂ ಪೊಲೀಸರೂ ಬೇಸರಪಡುತ್ತೇವೆ. ಆದರೆ ಆಕೆಗೆ ಬೇಕಾದದ್ದು ಸ್ಪಷ್ಟವಾಗಿತ್ತು. ಗಂಡ ಜೈಲಿಗೆ ಹೋದರೆ ಹೊಲ ಯಾರು ಮಾಡ್ತಾರೆ, ಸಾಲ ಯಾರು ತೀರಿಸ್ತಾರೆ, ಬಿಟ್ಟು ಬಂದ ಮೇಲೆ ಏನಾಗುತ್ತದೆ ಎಂಬುದನ್ನೆಲ್ಲ ಆಕೆ ಯೋಚಿಸಿದ್ದಳು. ಒಂದು ವಸ್ತುವನ್ನು ಮನೆಯಿಂದ ತೆಗೆಯಬೇಕಿತ್ತು. ಕಾನೂನು ಮನುಷ್ಯನನ್ನು ತೆಗೆಯಲು ಸಿದ್ಧವಿತ್ತು, ವಸ್ತುವನ್ನಲ್ಲ.

ಆಕೆ ನನ್ನ ಹತ್ತಿರ ಬಂದದ್ದು ಇದಾದ ಮೇಲೆ. ನಾವು ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿದೆವು. ಲೈಸೆನ್ಸ್ ಕೊಡುವ ಅಧಿಕಾರ ಅವರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂ ಪ್ರಕಾರ ಲೈಸೆನ್ಸ್ ಹೊಂದಲು ಆತ ಯೋಗ್ಯನಲ್ಲ ಅನ್ನಿಸಿದರೆ, ಇಲ್ಲವೇ ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಬೇಕು ಅನ್ನಿಸಿದರೆ ಅಮಾನತು ಮಾಡಬಹುದು, ರದ್ದೂ ಮಾಡಬಹುದು. 22ನೇ ಕಲಂ ಇನ್ನೂ ನೇರವಾಗಿದೆ. ಒಬ್ಬನ ಕೈಯಲ್ಲಿ ಆಯುಧ ಬಿಟ್ಟರೆ ಸಾರ್ವಜನಿಕ ಶಾಂತಿಗೋ ಸುರಕ್ಷತೆಗೋ ಅಪಾಯ ಅಂತ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ಕಾರಣ ಬರೆದು, ಲೈಸೆನ್ಸ್ ಇದ್ದರೂ ಜಪ್ತಿ ಮಾಡಿಸಬಹುದು. ಎರಡನ್ನೂ ಹಾಕಿ ಕೇಳಿದೆವು.

ಅರ್ಜಿ ಜಿಲ್ಲಾಧಿಕಾರಿ ಕಚೇರಿಯಿಂದ ಎಸ್ಪಿ ಕಚೇರಿಗೆ, ಅಲ್ಲಿಂದ ಡಿವೈಎಸ್ಪಿಗೆ, ಅಲ್ಲಿಂದ ಅದೇ ಠಾಣೆಗೆ ವರದಿ ಕೇಳಿಕೊಂಡು ಹೋಯಿತು. ಠಾಣೆ ಬರೆದದ್ದು: ಸದರಿಯವರ ಮೇಲೆ ಯಾವ ಕ್ರಿಮಿನಲ್ ಪ್ರಕರಣವೂ ಇಲ್ಲ, ಇದು ಗಂಡ ಹೆಂಡಿರ ಜಗಳ, ಸಾರ್ವಜನಿಕ ಶಾಂತಿಗೆ ಭಂಗ ಇಲ್ಲ. ಬರೆದವರು ಕೆಟ್ಟವರಲ್ಲ. ಕಲಂ ಏನು ಕೇಳುತ್ತದೋ ಅದಕ್ಕೆ ಉತ್ತರ ಕೊಟ್ಟಿದ್ದರು. ನಾಲ್ಕು ಗೋಡೆ ಒಳಗಿನ ಮೂರು ಹೆಂಗಸರ ಸುರಕ್ಷತೆ ಆ ಪ್ರಶ್ನೆಯಲ್ಲೇ ಇರಲಿಲ್ಲ.

ಚುನಾವಣೆ ಬಂತು

ಕಡತ ಹೀಗೆ ಓಡಾಡುತ್ತಿರುವಾಗಲೇ 2024ರ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರಕ್ಕೂ ಮೇ 7ರಂದು ಮತದಾನ, ಜೂನ್ 4ಕ್ಕೆ ಎಣಿಕೆ.

ಪ್ರತಿ ಚುನಾವಣೆಯಲ್ಲೂ ಆಗುವಂತೆ ಲೈಸೆನ್ಸ್‌ದಾರರು ಬಂದೂಕು ಠಾಣೆಗೆ ಒಪ್ಪಿಸಬೇಕು ಅಂತ ಸೂಚನೆ ಬಂತು. ಬೀಟ್ ಪೊಲೀಸರು ಮನೆ ಬಾಗಿಲಿಗೇ ಹೋಗಿ ಹೇಳಿ ಬಂದರು. ಈ ಗಂಡನೂ ಮರುಮಾತಿಲ್ಲದೆ ಹೋಗಿ ಬಂದೂಕು, ಉಳಿದ ತೋಟಾ ಕೊಟ್ಟು ರಸೀದಿ ತಂದ. ಯಾರೂ ಆತನನ್ನು "ಹೊಡದಾನೇನು" ಅಂತ ಕೇಳಲಿಲ್ಲ. ಯಾರೂ ವರದಿ ಕೇಳಲಿಲ್ಲ. ಆತನಿಗೆ ಅವಮಾನವೂ ಆಗಲಿಲ್ಲ, ಯಾಕೆಂದರೆ ಊರಿನ ಬೇರೆಯವರೂ ಕೊಟ್ಟಿದ್ದರು.

ಆ ಎರಡೂವರೆ ತಿಂಗಳು ಆ ಮನೆ ಬೇರೆಯದೇ ಆಗಿತ್ತು ಅಂತ ಅಕ್ಕ ಹೇಳುತ್ತಾಳೆ. ಜಗಳ ನಿಂತಿತು ಅಂತಲ್ಲ. ಆತ ಕುಡಿಯುತ್ತಲೂ ಇದ್ದ, ಬೈಯುತ್ತಲೂ ಇದ್ದ. ಆದರೆ ಅಕ್ಕ ತಿರುಗಿ ಮಾತಾಡಿದಳು. ಸಾಲದ ಲೆಕ್ಕ ಕೇಳಿದಳು. ಅತ್ತೆ ಮಗನಿಗೆ ಒಂದು ದಿನ ಬೈದರು. ಪಕ್ಕದ ಮನೆಗೆ ಮಲಗಲು ಹೋಗುವುದು ನಿಂತಿತು.

ಜೂನ್‌ನಲ್ಲಿ ನೀತಿ ಸಂಹಿತೆ ಮುಗಿಯಿತು. ರಸೀದಿ ತೋರಿಸಿ ಆತ ಬಂದೂಕು ವಾಪಸ್ ತಂದ. ಮೊಳೆಗಳು ಗೋಡೆಯಲ್ಲೇ ಇದ್ದವು.

ನನಗೆ ಇಲ್ಲಿ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮತಪೆಟ್ಟಿಗೆಗೆ ಅಪಾಯ ಇರಬಹುದು ಅನ್ನುವ ಅನುಮಾನಕ್ಕೇ ಸರ್ಕಾರ ಜಿಲ್ಲೆಯ ಬಂದೂಕುಗಳನ್ನು ಕೆಲವೇ ದಿನದಲ್ಲಿ ಠಾಣೆಗೆ ತರಿಸಬಲ್ಲದು. ಇಡಲು ಜಾಗ ಇದೆ, ರಸೀದಿ ಪುಸ್ತಕ ಇದೆ, ಸಿಬ್ಬಂದಿಗೆ ಅಭ್ಯಾಸವೂ ಇದೆ. ಒಂದು ಹೆಂಗಸಿಗೆ, ಒಂದು ಮಗುವಿಗೆ ಅಪಾಯ ಅಂತ ಬರೆದುಕೊಟ್ಟರೆ ಮಾತ್ರ ಅದೇ ಕೆಲಸ ತಿಂಗಳುಗಟ್ಟಲೆ ಕಡತದಲ್ಲಿ ಸುತ್ತುತ್ತದೆ. ಕೈಲಾಗದೆ ಹೀಗಾಗುತ್ತಿಲ್ಲ. ಮಾಡಲೇಬೇಕು ಅಂತ ಕಾನೂನು ಹೇಳಿಲ್ಲ, ಅಷ್ಟೇ.

ದಾರಿ ತೆರೆದದ್ದು ಬೇರೆ ಕಾನೂನಿನಿಂದ

ಬಂದೂಕು ವಾಪಸ್ ಬಂದ ವಾರದಲ್ಲೇ ಟಕ್ ಸದ್ದು ಮತ್ತೆ ಶುರುವಾಯಿತು. ಶಸ್ತ್ರಾಸ್ತ್ರ ಕಾಯ್ದೆಯ ದಾರಿಯಲ್ಲಿ ಇನ್ನೂ ಕಾಯುವುದು ಬೇಡ ಅಂತ ತೀರ್ಮಾನಿಸಿದೆವು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆಗೆ ಹೋದೆವು. ಅದು ಮೂಲತಃ ಸಿವಿಲ್ ಪರಿಹಾರದ ಕಾನೂನು. ಗಂಡನನ್ನು ಬಂಧಿಸದೆ ರಕ್ಷಣೆ ಕೇಳಬಹುದು. ಅಕ್ಕನಿಗೆ ಬೇಕಾದದ್ದೂ ಅದೇ.

ಆ ಕಾಯ್ದೆಯ 2006ರ ನಿಯಮಗಳಲ್ಲಿ ರಕ್ಷಣಾಧಿಕಾರಿಯ ಕೆಲಸಗಳ ಪಟ್ಟಿ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. 10ನೇ ನಿಯಮದ ಕೊನೆಯಲ್ಲಿ ಒಂದು ಸಾಲಿದೆ: ಮ್ಯಾಜಿಸ್ಟ್ರೇಟರು ಲಿಖಿತವಾಗಿ ನಿರ್ದೇಶಿಸಿದರೆ, ದೌರ್ಜನ್ಯದಲ್ಲಿ ಬಳಕೆಯಾದ ಆಯುಧವನ್ನು ಪೊಲೀಸರ ನೆರವಿನಿಂದ ವಶಕ್ಕೆ ತೆಗೆದುಕೊಳ್ಳಬಹುದು. ಈ ಸಾಲನ್ನು ಯಾರೂ ಹೆಚ್ಚು ಬಳಸುವುದಿಲ್ಲ. ನಮ್ಮ ಸಿಡಿಪಿಓ ಅವರೂ ಪುಸ್ತಕ ತೆಗೆದು ಓದಿ ನೋಡಿದರು. ಆಮೇಲೆ ಕೌಟುಂಬಿಕ ಘಟನಾ ವರದಿಯನ್ನು ತುಂಬ ಮನಸ್ಸಿಟ್ಟು ಬರೆದರು. ಅತ್ತೆಯ ಹೇಳಿಕೆಯನ್ನೂ ಅದರಲ್ಲಿ ಸೇರಿಸಿದ್ದರು. ಹೆತ್ತ ಮಗನ ವಿರುದ್ಧ ಆ ಮುದುಕಿ ಹೆಬ್ಬೆಟ್ಟು ಒತ್ತಿದ್ದು ಸಣ್ಣ ಮಾತಲ್ಲ.

ಕೋರ್ಟಿನಲ್ಲಿ ಎದ್ದ ಪ್ರಶ್ನೆ ನಿರೀಕ್ಷಿಸಿದ್ದೇ. ಗುಂಡು ಹಾರಿಲ್ಲ, ಗುರಿ ಇಟ್ಟಿಲ್ಲ. ಹಾಗಾದರೆ ಬಂದೂಕು ದೌರ್ಜನ್ಯದಲ್ಲಿ ಬಳಕೆಯಾಯಿತು ಅನ್ನುವುದು ಹೇಗೆ? ಕಾಯ್ದೆಯ 3ನೇ ಕಲಂ ದೈಹಿಕ ಹಾನಿಯಷ್ಟನ್ನೇ ದೌರ್ಜನ್ಯ ಅನ್ನುವುದಿಲ್ಲ, ಮಾನಸಿಕ ಸ್ವಾಸ್ಥ್ಯಕ್ಕೆ ಆಗುವ ಹಾನಿಯನ್ನೂ ಅದರಲ್ಲಿ ಸೇರಿಸುತ್ತದೆ ಅಂತ ವಾದಿಸಿದೆವು. ಆದರೆ ವಾದಕ್ಕಿಂತ ಕೆಲಸ ಮಾಡಿದ್ದು ಎರಡು ಕಾಗದ. ಒಂದು, ಚುನಾವಣೆ ವೇಳೆ ಠಾಣೆ ಕೊಟ್ಟ ಡೆಪಾಸಿಟ್ ರಸೀದಿಯ ನಕಲು. ಇನ್ನೊಂದು, ಪಕ್ಕದ ಮನೆಯಾಕೆಯ ಅಫಿಡವಿಟ್. ಆ ಹೆಣ್ಣುಮಗಳು ಬರೆಸಿದ್ದು ಇಷ್ಟೇ: ಬಂದೂಕು ಠಾಣೆಯಲ್ಲಿದ್ದಾಗ ಒಂದು ರಾತ್ರಿಯೂ ಇವರು ನಮ್ಮ ಮನೆಗೆ ಮಲಗಲು ಬರಲಿಲ್ಲ, ಅದಕ್ಕೆ ಮೊದಲು ಮತ್ತು ಆಮೇಲೆ ಬರುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಂದೂಕು ಆ ಮನೆಯಲ್ಲಿ ಏನು ಮಾಡುತ್ತಿತ್ತು ಅನ್ನೋದು ಯಾರಿಗಾದರೂ ಅರ್ಥವಾಗುತ್ತಿತ್ತು.

ಮ್ಯಾಜಿಸ್ಟ್ರೇಟರು 23ನೇ ಕಲಂ ಅಡಿ ಮಧ್ಯಂತರ ಆದೇಶ ಕೊಟ್ಟರು. ಬೆದರಿಸಬಾರದು ಅಂತ 18ನೇ ಕಲಂ ಪ್ರಕಾರ ರಕ್ಷಣಾ ಆದೇಶ, ಜೊತೆಗೆ ಬಂದೂಕು ವಶಕ್ಕೆ ಪಡೆಯಲು ರಕ್ಷಣಾಧಿಕಾರಿಗೆ ನಿರ್ದೇಶನ. ಈ ಆದೇಶ ಮೀರಿದರೆ 31ನೇ ಕಲಂ ಪ್ರಕಾರ 1 ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿಡಿಪಿಓ, ಒಬ್ಬ ಮಹಿಳಾ ಪೇದೆ, ಠಾಣೆಯ ಎಎಸ್ಐ ಹಗಲು ಹೊತ್ತಲ್ಲೇ ಹೋದರು. ಆತ ಹೊಲದಿಂದ ಆಗಷ್ಟೇ ಬಂದಿದ್ದ. ಕುಡಿದಿರಲಿಲ್ಲ. ಹಗಲು ಹೋಗಬೇಕು, ಊಟದ ಹೊತ್ತಿಗೆ ಹೋಗಬೇಕು ಅಂತ ಸೂಚಿಸಿದವಳು ಅಕ್ಕ. ಅದು ತುಂಬ ಜಾಣ ತೀರ್ಮಾನ. ಆತ ಸ್ವಲ್ಪ ಕೂಗಾಡಿ, ಆಮೇಲೆ ತಾನೇ ಇಳಿಸಿಕೊಟ್ಟ. ಕೋರ್ಟ್ ಆದೇಶದ ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಹೋದ ಮೇಲೆ ನಮ್ಮ ಹಳೆಯ ಕಡತಕ್ಕೂ ಜೀವ ಬಂತು. ನೋಟಿಸ್, ವಿಚಾರಣೆ ಮುಗಿದು ಲೈಸೆನ್ಸ್ ಅಮಾನತಾಯಿತು.

ಆಮೇಲೆ

ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಆತ ಅಮಾನತಿನ ವಿರುದ್ಧ ಮೇಲ್ಮನವಿ ಹಾಕಿದ್ದಾನೆ. ಅದು ಆತನ ಹಕ್ಕು. ಬಂದೂಕು ಹೋದ ವರ್ಷ ಹಂದಿಗಳು ಶೇಂಗಾ ಹೊಲಕ್ಕೆ ನುಗ್ಗಿದವು. ಆ ನಷ್ಟವನ್ನು ಅಕ್ಕನೂ ಹೊತ್ತಳು, ಊರಲ್ಲಿ ಮಾತನ್ನೂ ಕೇಳಿದಳು. ನಿಜ ಹೇಳಬೇಕೆಂದರೆ ಬಂದೂಕು ಇದ್ದಾಗಲೂ ಅದರಿಂದ ಆಗುತ್ತಿದ್ದದ್ದು ಸದ್ದು ಮಾಡಿ ಓಡಿಸುವುದಷ್ಟೇ. ಬಂದೂಕಿನ ಲೈಸೆನ್ಸ್ ಇದೆ ಅಂತ ಹಂದಿ ಕೊಲ್ಲಲು ಬರುವುದಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು. ಈಗ ಅಕ್ಕಪಕ್ಕದ ಹೊಲದವರು ಸೇರಿ ಸೋಲಾರ್ ಬೇಲಿಗೆ ಅರ್ಜಿ ಹಾಕಿದ್ದಾರೆ, ಪಾಳಿ ಮೇಲೆ ಕಾಯುತ್ತಿದ್ದಾರೆ. ಬೆಳೆ ಕಾಯುವ ರೈತನ ಕಷ್ಟ ಸುಳ್ಳಲ್ಲ. ಬಂದೂಕು ತೆಗೆಯಿರಿ ಅನ್ನುವವರು ಈ ಮಾತನ್ನೂ ಎದುರಿಸಬೇಕು.

ಆತ ತಾಯಿಯ ಒತ್ತಾಯಕ್ಕೆ ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗುತ್ತಿದ್ದಾನೆ. ಕುಡಿತ ಕಡಿಮೆಯಾಗಿದೆ, ನಿಂತಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನು ಅಕ್ಕ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾಳೆ. ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು.

ಇನ್ನು ಕಾನೂನಿನ ಮಾತು

ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ. ಅಮೆರಿಕದ ಸಂವಿಧಾನದಲ್ಲಿರುವಂಥ ಹಕ್ಕು ಇಲ್ಲಿ ಯಾರಿಗೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಇದು ಸರ್ಕಾರ ಕೊಡುವ ಅನುಮತಿ. ಅಂದ ಮೇಲೆ ಕೆಲವು ದಿನ ವಾಪಸ್ ಕೇಳುವುದು ಕಷ್ಟವಾಗಬಾರದು. ವಿಚಿತ್ರ ಅಂದರೆ, ಬಂದೂಕು ಹಕ್ಕಾಗಿರುವ ಅಮೆರಿಕದಲ್ಲೇ ಇದಕ್ಕೆ ದಾರಿ ಇರುವ ರಾಜ್ಯಗಳಿವೆ. ಕನೆಕ್ಟಿಕಟ್ 1999ರಲ್ಲೇ ಕಾನೂನು ಮಾಡಿತು: ಒಬ್ಬನಿಂದ ತನಗೋ ಬೇರೆಯವರಿಗೋ ಅಪಾಯ ಅಂತ ಕಂಡರೆ ನ್ಯಾಯಾಲಯದ ಆದೇಶ ಪಡೆದು ತಾತ್ಕಾಲಿಕವಾಗಿ ಬಂದೂಕು ತೆಗೆಯಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೌಟುಂಬಿಕ ಹಿಂಸೆಯ ಮಧ್ಯಂತರ ಆದೇಶ ಆದರೆ ಲೈಸೆನ್ಸ್ ತಾನಾಗಿಯೇ ಅಮಾನತಾಗುತ್ತದೆ, ಬೇರೆ ಅರ್ಜಿ ಬೇಡ. ಕೆನಡಾದಲ್ಲಿ ಲೈಸೆನ್ಸ್ ಕೇಳುವಾಗ ಗಂಡ ಅಥವಾ ಹೆಂಡತಿಗೆ ವಿಷಯ ತಿಳಿಸಲೇಬೇಕು.

ಈ ಪ್ರಕರಣ ಮುಗಿದ ಮೇಲೆ ನಾವು ಕೆಲವರು ಸೇರಿ ಮನವಿ ಬರೆದೆವು. ಮೊದಲು ಶಾಸಕರ ಹತ್ತಿರ ಹೋಗೋಣ ಅಂದವರಿದ್ದರು. ಆದರೆ ಆಯುಧ, ಬಂದೂಕು, ಮದ್ದುಗುಂಡು ಸಂವಿಧಾನದ 7ನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 5ನೇ ನಮೂದು. ಬೆಂಗಳೂರಿನಲ್ಲಿ ಇದನ್ನು ಬದಲಿಸಲು ಬರುವುದಿಲ್ಲ, ಸಂಸತ್ತೇ ಬದಲಿಸಬೇಕು. ಹಾಗಾಗಿ ಮನವಿ ಸಂಸದರಿಗೆ. ಕೇಳಿದ್ದು ದೊಡ್ಡದೇನಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 17 ಮತ್ತು 22ನೇ ಕಲಂಗಳಲ್ಲಿ ಸಾರ್ವಜನಿಕ ಸುರಕ್ಷತೆಯ ಜೊತೆ ಮನೆಯವರ ಸುರಕ್ಷತೆಯನ್ನೂ, ಲೈಸೆನ್ಸ್‌ದಾರನ ಸ್ವಂತ ಜೀವವನ್ನೂ ಸೇರಿಸಿ. ಮನೆಯ ಯಾವ ವಯಸ್ಕರು ಅರ್ಜಿ ಕೊಟ್ಟರೂ ಇಷ್ಟು ದಿನದೊಳಗೆ ಬಂದೂಕು ಠಾಣೆಯಲ್ಲಿರಬೇಕು ಅಂತ ಗಡುವು ಹಾಕಿ. ಭಯಬಿದ್ದ ಮನೆಯವರು ತಂದುಕೊಟ್ಟರೆ ಅವರ ಮೇಲೆ ಕೇಸ್ ಆಗಬಾರದು. ನವೀಕರಣದ ವೇಳೆ ಹೆಂಡತಿಯನ್ನು ಪ್ರತ್ಯೇಕವಾಗಿ ಕೇಳಿ. ಲೈಸೆನ್ಸಿನ ಷರತ್ತು ಮೀರಿದರೆ 30ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತಿದೆ. ಒಂದು ಬಂದೂಕಿನ ಬೆಲೆಯ ಮುಂದೆ ಆ ದಂಡ ಏನೂ ಅಲ್ಲ.

ರಾಜ್ಯದ ಕೈಯಲ್ಲೂ ಒಂದು ಕೆಲಸ ಇದೆ, ಅದಕ್ಕೆ ತಿದ್ದುಪಡಿ ಬೇಡ. ಕೌಟುಂಬಿಕ ದೌರ್ಜನ್ಯದ ಅರ್ಜಿ ಬಂದ ಕೂಡಲೇ ಆ ಮನೆಯಲ್ಲಿ ಬಂದೂಕು ಇದೆಯಾ ಅಂತ ಸಿಡಿಪಿಓ ಕೇಳಬೇಕು, ಇದ್ದರೆ ವರದಿಯ ಮೊದಲ ಪುಟದಲ್ಲೇ ಬರೆಯಬೇಕು ಅಂತ ಒಂದು ಸುತ್ತೋಲೆ ಸಾಕು.

ಮನವಿಗೆ ಬಂದ ಮುಖ್ಯ ಆಕ್ಷೇಪ ಸುಳ್ಳು ದೂರಿನದು. ಆಸ್ತಿ ಜಗಳಕ್ಕೆ, ಹಗೆತನಕ್ಕೆ ಇದನ್ನು ಬಳಸಿದರೆ? ಬಳಸಬಹುದು. ಅದಕ್ಕೇ ನಮ್ಮ ಕರಡಿನಲ್ಲಿ 14 ದಿನದೊಳಗೆ ವಿಚಾರಣೆ ಆಗಲೇಬೇಕು, ಆಧಾರ ಇಲ್ಲದಿದ್ದರೆ ಅದೇ ದಿನ ಬಂದೂಕು ವಾಪಸ್ ಕೊಡಬೇಕು ಅಂತ ಬರೆದಿದ್ದೇವೆ. ಆಗ ಸುಳ್ಳು ದೂರಿನಿಂದ ಲೈಸೆನ್ಸ್‌ದಾರನಿಗೆ ಆಗುವ ನಷ್ಟ ಎರಡು ವಾರ ಬಂದೂಕು ಇಲ್ಲದಿರುವುದು. 2024ರ ಚುನಾವಣೆಯಲ್ಲಿ ಅಕ್ಕನ ಗಂಡ, ಊರಿನ ಬೇರೆ ಲೈಸೆನ್ಸ್‌ದಾರರು, ಯಾರ ದೂರೂ ಬೇಕಾಗದೆ ಎರಡೂವರೆ ತಿಂಗಳು ಬಂದೂಕು ಕೊಟ್ಟಿದ್ದರು.